ಹಳೆಯ ಮೀಟರಿನಲ್ಲಿ 400, ಹೊಸದರಲ್ಲಿ 340: ಊದಿ ಅಳೆಯುವ ಕಿರು ಉಪಕರಣಗಳ ಚರಿತ್ರೆ ಬಲ್ಲವರು ತಿಳಿಸಿ

ಕಿರುಗೊಳವೆ

ನನಗೆ ಉಬ್ಬಸ ಅಂಟಿಕೊಂಡು ಇಪ್ಪತ್ತಾರು ವರ್ಷಗಳಾದವು. ಬೆಳಿಗ್ಗೆ ಎದ್ದೊಡನೆ ಪೀಕ್ ಫ್ಲೋ ಮೀಟರಿಗೆ (ಊದಿನ ಗರಿಷ್ಠ ವೇಗವನ್ನು ನಿಮಿಷಕ್ಕೆ ಇಷ್ಟು ಲೀಟರ್ ಎಂದು ತೋರಿಸುವ ಕೊಳವೆ) ಮೂರು ಸಲ ಊದಿ, ಮೂರರಲ್ಲಿ ಹೆಚ್ಚಿನದನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಮೀಟರ್ ಬಳಸಿದೆ. ಅದರ ಮೌತ್‌ಪೀಸ್ ಸೀಳು ಬಿಟ್ಟದ್ದರಿಂದ ಕಳೆದ ವಾರ ಹೊಸದನ್ನು ತಂದೆ. ಹಳೆಯದರಲ್ಲಿ ಮುಳ್ಳು 400ಕ್ಕೆ ನಿಲ್ಲುತ್ತದೆ, ಹೊಸದರಲ್ಲಿ 340ಕ್ಕೆ.

ಆರೋಗ್ಯವಾಗಿದ್ದ ದಿನಗಳಲ್ಲಿ ನನ್ನ ಅತ್ಯುತ್ತಮ ಅಂಕಿ 460. ಅದರ ಶೇಕಡಾ 80 ಎಂದರೆ 368. ಅದಕ್ಕಿಂತ ಕೆಳಗಿಳಿದರೆ ಹಳದಿ ವಲಯ, ಔಷಧಿಯ ಬಗ್ಗೆ ಎಚ್ಚರವಾಗಬೇಕು ಎಂದು ವೈದ್ಯರು ಬರೆದುಕೊಟ್ಟಿದ್ದಾರೆ. ಹೊಸ ಮೀಟರನ್ನು ನಂಬಿದರೆ ನಾನು ಈಗಾಗಲೇ ಹಳದಿಯಲ್ಲಿದ್ದೇನೆ. ಆದರೆ ಎದೆ ಹಗುರವಾಗಿದೆ, ರಾತ್ರಿ ಕೆಮ್ಮಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದಿಲ್ಲ. ಯಾವುದನ್ನು ನಂಬಲಿ? ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕೇಳುತ್ತೇನೆ. ಅದಕ್ಕೂ ಮುಂಚೆ, ಈ ಪುಟ್ಟ ಕೊಳವೆ ಎಲ್ಲಿಂದ ಬಂತು, ಅದರ ಮೇಲಿನ ಗೆರೆಗಳನ್ನು ಯಾರು ಹಾಕಿದರು ಎಂಬುದನ್ನು ಅರಿಯಬೇಕೆನಿಸಿದೆ. ಇಷ್ಟು ವರ್ಷ ದಿನವೂ ಬಾಯಿಗಿಟ್ಟುಕೊಂಡ ವಸ್ತುವಿನ ಬಗ್ಗೆ ನನಗೆ ಏನೂ ತಿಳಿದಿಲ್ಲ.

ವೇಗಮಿತಿ

ಹಳೆಯದರ ಸ್ಪ್ರಿಂಗ್ ಸೊರಗಿರಬಹುದು. ಸೊರಗಿದ ಸ್ಪ್ರಿಂಗ್ ಸುಲಭವಾಗಿ ಹಿಗ್ಗಿ ಹೆಚ್ಚು ತೋರಿಸುತ್ತದೆ. ಒಂದೇ ಹೊತ್ತಿನಲ್ಲಿ ಎರಡಕ್ಕೂ ಒಂದಾದ ಮೇಲೊಂದರಂತೆ ಮೂರು ಮೂರು ಸಲ ಊದಿ ಅಂಕಿಗಳನ್ನು ಇಲ್ಲಿ ಹಾಕಿ. ನಡುವೆ ಒಂದು ನಿಮಿಷ ವಿರಾಮ ಕೊಡಿ.

ಕಿರುಗೊಳವೆ

ಹಳೆಯದು: 400, 390, 405. ಹೊಸದು: 340, 335, 345. ಎರಡರಲ್ಲಿಯೂ ಚೆದುರುವಿಕೆ ಇಲ್ಲ, ಅಂತರ ಮಾತ್ರ ಹಾಗೆಯೇ ಇದೆ.

ತಿದಿಮನೆ

ಶ್ವಾಸಕೋಶ ಪರೀಕ್ಷೆಯ ಕೊಠಡಿಯಲ್ಲಿ ಮೂವತ್ತೊಂದು ವರ್ಷ ತಂತ್ರಜ್ಞೆಯಾಗಿ ದುಡಿದು ನಿವೃತ್ತಳಾದವಳು ನಾನು. ಕಿರುಗೊಳವೆ ಅವರೇ, ಹೆದರಬೇಡಿ. ಹೊಸ ಮೀಟರಿನ ಮೈಮೇಲೆ ಎಲ್ಲಾದರೂ "ಇಯು" ಎಂಬ ಅಕ್ಷರಗಳೋ 13826 ಅಥವಾ 23747 ಎಂಬ ಹೊಸ ಮಾನದಂಡದ ಸಂಖ್ಯೆಯೋ ಇದೆಯೇ ನೋಡಿ. ಇದ್ದರೆ ನಿಮ್ಮ ಶ್ವಾಸಕೋಶ ಕುಗ್ಗಿಲ್ಲ, ಅಳತೆಪಟ್ಟಿ ಬದಲಾಗಿದೆ.

ಹೇಗೆಂದು ಹೇಳಲು ವೇಲ್ಸ್‌ನ ಕಲ್ಲಿದ್ದಲು ಗಣಿಗಳವರೆಗೆ ಹೋಗಬೇಕು. ಅಲ್ಲಿನ ಗಣಿ ಕಾರ್ಮಿಕರು ಧೂಳು ಕುಡಿದು ಉಸಿರು ಕಳೆದುಕೊಳ್ಳುತ್ತಿದ್ದರು. ಅದರ ಅಧ್ಯಯನಕ್ಕೆಂದೇ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 1945ರಲ್ಲಿ ಕಾರ್ಡಿಫ್ ಬಳಿಯ ಲ್ಯಾಂಡಾಕ್ ಆಸ್ಪತ್ರೆಯಲ್ಲಿ ಒಂದು ಸಂಶೋಧನಾ ಘಟಕವನ್ನು ತೆರೆಯಿತು. ಆಗ ಚಾಲ್ತಿಯಲ್ಲಿದ್ದ ಒಂದು ಪರೀಕ್ಷೆಯನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ರೋಗಿ ಹದಿನೈದು ಸೆಕೆಂಡುಗಳ ಕಾಲ ತನ್ನಿಂದಾದಷ್ಟು ಆಳವಾಗಿ, ಆದಷ್ಟು ಬೇಗಬೇಗ ಉಸಿರಾಡಬೇಕಿತ್ತು, ಹೊರಬಂದ ಗಾಳಿಯನ್ನು ದೊಡ್ಡ ಚೀಲದಲ್ಲಿ ಹಿಡಿದು ಅಳೆಯುತ್ತಿದ್ದರು. ಎದೆಯಲ್ಲಿ ಧೂಳು ತುಂಬಿದ ಮನುಷ್ಯನಿಗೆ ಅದು ಪರೀಕ್ಷೆಯಲ್ಲ, ಶಿಕ್ಷೆ. ಅಲ್ಲದೆ ಊರೂರು ಸುತ್ತಿ ನೂರಾರು ಜನರನ್ನು ಅಳೆಯಬೇಕಾದವರು ಅಂಥ ಸರಂಜಾಮನ್ನು ಹೊತ್ತು ತಿರುಗುವುದು ಹೇಗೆ?

ಆ ಘಟಕದಲ್ಲಿದ್ದ ಬೇಸಿಲ್ ಮಾರ್ಟಿನ್ ರೈಟ್ ವೈದ್ಯರೂ ಹೌದು, ಕೈಯಲ್ಲಿ ಕಸುಬುಗಾರಿಕೆ ಇದ್ದ ಉಪಕರಣಕಾರರೂ ಹೌದು. ಉಸಿರಿನ ಪ್ರಮಾಣವನ್ನಲ್ಲ, ಒಂದೇ ಒಂದು ಬಿರುಸಾದ ಊದಿನ ಗರಿಷ್ಠ ವೇಗವನ್ನು ಹಿಡಿದರೆ ಸಾಕು ಎಂದುಕೊಂಡು ಅವರು ಕೈಯಲ್ಲಿ ಹಿಡಿಯಬಹುದಾದ ದುಂಡು ಡಬ್ಬಿಯಂಥ ಮೀಟರನ್ನು ಮಾಡಿದರು. ಸಹೋದ್ಯೋಗಿ ಮೆಕೆರೋ ಅವರೊಡನೆ 1959ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದರ ವಿವರವನ್ನು ಪ್ರಕಟಿಸಿದರು. ವಿದ್ಯುತ್ ಬೇಡ, ನೀರು ಬೇಡ, ಕಾಗದ ಬೇಡ. ಹದಿನೈದು ಸೆಕೆಂಡಿನ ಯಾತನೆ ಒಂದು ಕ್ಷಣದ ಊದಿಗೆ ಇಳಿಯಿತು. ಇದೇ ರೈಟ್ ಮುಂದೆ ಔಷಧಿಯನ್ನು ನಿಧಾನವಾಗಿ ಒಳಸೇರಿಸುವ ಸಿರಿಂಜ್ ಡ್ರೈವರನ್ನೂ ರೂಪಿಸಿದರು. ಕೊನೆಯ ದಿನಗಳನ್ನು ಎಣಿಸುತ್ತಿರುವ ಎಷ್ಟೋ ರೋಗಿಗಳ ನೋವನ್ನು ಆ ಸಾಧನ ಕಡಿಮೆ ಮಾಡಿದೆ.

ನಿಮ್ಮ ಕೈಯಲ್ಲಿರುವ ಪ್ಲಾಸ್ಟಿಕ್ ಕೊಳವೆ ಆ ಡಬ್ಬಿಯ ಕಿರಿಯ ರೂಪ. ಅದನ್ನೂ ರೈಟ್ ಅವರೇ ಮಾಡಿದರು, 1978ರಲ್ಲಿ ಅದರ ವಿವರಣೆ ಪ್ರಕಟವಾಯಿತು. ಡಬ್ಬಿ ವೈದ್ಯರ ಮೇಜಿನ ಮೇಲೆ ಇರುತ್ತಿತ್ತು, ಕೊಳವೆ ರೋಗಿಯ ಮನೆಗೆ ಹೋಯಿತು. ನನ್ನ ಮಟ್ಟಿಗೆ ಇಡೀ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ಹೆಜ್ಜೆ ಇನ್ನೊಂದಿಲ್ಲ.

ಇನ್ನು ಗೆರೆಗಳ ವಿಚಾರ. ಊದನ್ನು ಯಂತ್ರದಿಂದ ಹುಟ್ಟಿಸಿ, ನಿಜವಾದ ವೇಗವನ್ನು ನಿಖರವಾಗಿ ತಿಳಿದು ಮೀಟರನ್ನು ಪರೀಕ್ಷಿಸುವ ಕಂಪ್ಯೂಟರ್ ನಿಯಂತ್ರಿತ ಪಂಪುಗಳು ಬಂದ ಮೇಲೆ ಲೋಪ ಬೆಳಕಿಗೆ ಬಂತು. ಮಿಲ್ಲರ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ರೈಟ್ ಅಳತೆಪಟ್ಟಿಯ ಮೀಟರುಗಳು ನಡುವಣ ಹಂತದಲ್ಲಿ ನಿಜಕ್ಕಿಂತ ಸಾಕಷ್ಟು ಹೆಚ್ಚು ತೋರಿಸುತ್ತಿದ್ದವು. ಆಮೇಲೆ ಯುರೋಪಿನ ಹೊಸ ಮಾನದಂಡ ಬಂತು, 2004ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಹೊಸ ಅಳತೆಪಟ್ಟಿಗೆ ಬದಲಾಯಿತು. ನಿಮ್ಮ ಹಳೆಯದು ಅದಕ್ಕೆ ಮೊದಲಿನದು. ಅಂದ ಹಾಗೆ, ಇಂಥ ಮೀಟರನ್ನು ಇಪ್ಪತ್ತು ವರ್ಷ ಬಳಸಬಾರದು. ಇದನ್ನು ಗದರಿಸಿಯೇ ಹೇಳುತ್ತಿದ್ದೇನೆ ಎಂದುಕೊಳ್ಳಿ.

ಕಿರುಗೊಳವೆ

ಇದೆ! ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ 23747 ಎಂದಿದೆ. ಎದೆಯ ಮೇಲಿನ ಕಲ್ಲು ಇಳಿಯಿತು. ಆದರೆ ಒಂದು ಪ್ರಶ್ನೆ. ನಡುವಿನಲ್ಲಿ ಮಾತ್ರ ಹೆಚ್ಚು ತೋರಿಸುವುದು ಏಕೆ? ತಪ್ಪಿದ್ದರೆ ಮೊದಲಿಂದ ಕೊನೆಯವರೆಗೂ ಒಂದೇ ಸಮನೆ ಇರಬೇಕಲ್ಲವೇ?

ವೇಗಮಿತಿ

ಸ್ಪ್ರಿಂಗಿನ ಬಗ್ಗೆ ನಾನು ಊಹಿಸಿದ್ದು ತಪ್ಪಾಯಿತು, ತಿದ್ದಿದ್ದಕ್ಕೆ ತಿದಿಮನೆ ಅವರಿಗೆ ಕೃತಜ್ಞತೆಗಳು. ಭೌತಶಾಸ್ತ್ರ ಪಾಠ ಮಾಡುವವನಾಗಿ ಈ ಪ್ರಶ್ನೆಯನ್ನು ನಾನು ಎತ್ತಿಕೊಳ್ಳುತ್ತೇನೆ.

ಒಂದು ಡಬ್ಬಿಗೆ ಚಿಕ್ಕ ರಂಧ್ರವಿದೆ ಎಂದುಕೊಳ್ಳಿ. ಅದರೊಳಗೆ ಊದಿದರೆ ಒತ್ತಡ ಏರುತ್ತದೆ. ಆದರೆ ಊದಿನ ವೇಗ ಎರಡು ಪಟ್ಟಾದರೆ ಒತ್ತಡ ಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಸ್ಥಿರ ರಂಧ್ರದ ಮೀಟರಿನಲ್ಲಿ ಮೆಲ್ಲಗೆ ಊದಿದಾಗ ಮುಳ್ಳು ಅಲುಗುವುದೇ ಇಲ್ಲ, ಜೋರಾಗಿ ಊದಿದಾಗ ಅಂಚಿಗೆ ಹಾರಿಬಿಡುತ್ತದೆ. ರೈಟ್ ಇದಕ್ಕೆ ಕಂಡುಕೊಂಡ ಉಪಾಯ ಬಲು ಚೆಲುವಾದದ್ದು: ರಂಧ್ರವೇ ಊದಿನ ಜೊತೆ ಬೆಳೆಯಲಿ ಎಂದರು. ಡಬ್ಬಿಯೊಳಗೆ ಸುರುಳಿ ಸ್ಪ್ರಿಂಗಿಗೆ ಕಟ್ಟಿದ ಒಂದು ರೆಕ್ಕೆ. ಗಾಳಿ ಅದನ್ನು ತಳ್ಳುತ್ತಾ ಹೋದಂತೆ ಅಂಚಿನ ಸೀಳು ತೆರೆದುಕೊಳ್ಳುತ್ತದೆ, ಗಾಳಿ ಹೊರಗೆ ಹರಿಯುತ್ತದೆ. ತಳ್ಳುವ ಬಲವೂ ಸ್ಪ್ರಿಂಗಿನ ಬಲವೂ ಸಮವಾದಲ್ಲಿ ರೆಕ್ಕೆ ನಿಲ್ಲುತ್ತದೆ, ಹಿಂದಕ್ಕೆ ಬರದಂತೆ ಅದನ್ನು ಹಲ್ಲಿನ ತಡೆ ಹಿಡಿಯುತ್ತದೆ. ನಿಮ್ಮ ಕೊಳವೆಯಲ್ಲಿ ರೆಕ್ಕೆಯ ಬದಲು ಒಂದು ಪಿಸ್ಟನ್ ಜಾರುತ್ತದೆ, ಉದ್ದನೆಯ ಸೀಳು ತೆರೆಯುತ್ತದೆ, ಮುಳ್ಳು ಅಲ್ಲಿಯೇ ಉಳಿಯುತ್ತದೆ.

ಹೀಗೆ ಮಾಡಿದರೆ ವೇಗಕ್ಕೂ ಮುಳ್ಳು ಸಾಗಿದ ದೂರಕ್ಕೂ ಇರುವ ಸಂಬಂಧ ನೇರ ಗೆರೆಗೆ ಹತ್ತಿರ ಬರುತ್ತದೆ. ಹತ್ತಿರ ಅಷ್ಟೇ, ಪೂರ್ತಿ ನೇರವಲ್ಲ. ಮೇಲೆ ಗೆರೆಗಳನ್ನು ಸಮ ಅಂತರದಲ್ಲಿ ಹಾಕಿದರೆ ತುದಿಗಳಲ್ಲಿ ಸರಿಯಾಗಿ, ನಡುವಿನಲ್ಲಿ ಡೊಂಕಾಗಿ ಓದುತ್ತದೆ. ನಿಮ್ಮ ಹೊಸ ಮೀಟರನ್ನು ಬೆಳಕಿಗೆ ಹಿಡಿದು ನೋಡಿ, ಗೆರೆಗಳ ಅಂತರ ಎಲ್ಲೆಡೆ ಒಂದೇ ಸಮ ಇರಲಾರದು. ಒಳಗಿನ ಯಂತ್ರ ಬಹುತೇಕ ಅದೇ, ಬದಲಾದದ್ದು ಹೊರಗಿನ ಗೆರೆ.

ದಾಖಲೆಮನೆ

ಚರ್ಚೆ 1959ರಿಂದ ಆರಂಭವಾದದ್ದು ನನಗೆ ಸ್ವಲ್ಪ ಬೇಸರ ತಂದಿತು. ಅದಕ್ಕಿಂತ ನೂರು ವರ್ಷ ಹಿಂದಿನ ಜಾನ್ ಹಚಿನ್ಸನ್ ಅವರನ್ನು ಬಿಟ್ಟು ಈ ಕಥೆ ಹೇಳಲಾಗದು.

ಅವರಿಗೂ ಮೊದಲು ಪ್ರಯತ್ನಗಳು ಇದ್ದವು. ಹದಿನೆಂಟನೆಯ ಶತಮಾನದ ಆರಂಭದಲ್ಲಿಯೇ ಜೇಮ್ಸ್ ಜುರಿನ್ ಪ್ರಾಣಿಯ ಮೂತ್ರಕೋಶದೊಳಗೆ ಊದಿ ಆ ಗಾಳಿಯನ್ನು ಅಳೆದಿದ್ದರು. ಯೋಚಿಸಿದರೆ ಜೇಬಿನಲ್ಲಿ ಒಯ್ಯಬಹುದಾದ ಮೊದಲ ಉಪಕರಣ ಅದೇ! ಆದರೆ ಅಳತೆಗೆ ಅರ್ಥ ಕೊಟ್ಟವರು ಹಚಿನ್ಸನ್. 1846ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವರ ಪ್ರಬಂಧದ ಹಿಂದೆ ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರು ಇದೆ. ನಾವಿಕರು, ಪೊಲೀಸರು, ಅಗ್ನಿಶಾಮಕರು, ಕುಸ್ತಿಪಟುಗಳು, ಕುಬ್ಜರು, ಎಲ್ಲರೂ ಊದಿದರು. ಉಸಿರಿನ ಪ್ರಮಾಣವನ್ನು ಅಳೆಯುವ ಅವರ ಯಂತ್ರದ ಹೆಸರು ಸ್ಪೈರೋಮೀಟರ್: ನೀರಿನಲ್ಲಿ ಬೋರಲು ಹಾಕಿದ ಲೋಹದ ಗಂಟೆ, ರಾಟೆಗೆ ಕಟ್ಟಿದ ಪ್ರತಿತೂಕ. ಊದಿದಷ್ಟು ಗಂಟೆ ಮೇಲೇಳುತ್ತದೆ, ಪಕ್ಕದ ಪಟ್ಟಿಯಲ್ಲಿ ಅಳತೆ ಓದಬಹುದು. ಎತ್ತರ ಐದು ಅಡಿಯಿಂದ ಆರು ಅಡಿಗೆ ಏರುವಾಗ ಪ್ರತಿ ಅಂಗುಲಕ್ಕೂ ಎಂಟು ಘನ ಅಂಗುಲ ಗಾಳಿ ಹೆಚ್ಚುತ್ತದೆ ಎಂದು ಅವರು ಲೆಕ್ಕ ಹಾಕಿದರು. ಎತ್ತರಕ್ಕೆ ತಕ್ಕಂತೆ ಶ್ವಾಸಕೋಶವನ್ನು ಅಳೆಯುವ ಇಂದಿನ ಎಲ್ಲ ಕೋಷ್ಟಕಗಳ ಮೂಲ ಅಲ್ಲಿದೆ. ಪೂರ್ತಿ ಉಸಿರೆಳೆದು ಪೂರ್ತಿ ಬಿಟ್ಟಾಗ ಹೊರಬರುವ ಗಾಳಿಗೆ ಅವರು ಕೊಟ್ಟ ಹೆಸರು "ವೈಟಲ್ ಕೆಪಾಸಿಟಿ", ಬದುಕುವ ಸಾಮರ್ಥ್ಯ. ಕ್ಷಯ ರೋಗಿಗಳಲ್ಲಿ ಬೇರೆ ಲಕ್ಷಣಗಳಿಗಿಂತ ಮೊದಲೇ ಅದು ಕುಸಿಯುತ್ತದೆ ಎಂದು ಅವರು ಕಂಡಿದ್ದರು. ಜೀವವಿಮೆಯವರಿಗೆ ಇದು ಉಪಯೋಗಕ್ಕೆ ಬಂದೀತು ಎಂಬ ನಿರೀಕ್ಷೆಯೂ ಅವರಿಗಿತ್ತು.

ಇಷ್ಟೆಲ್ಲ ಮಾಡಿದ ಮನುಷ್ಯ 1852ರಲ್ಲಿ ಎಲ್ಲವನ್ನೂ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೊರಟುಹೋದರು. 1861ರಲ್ಲಿ ಫಿಜಿಯಲ್ಲಿ ತೀರಿಕೊಂಡರು. ಅವರ ಉಪಕರಣ ಸ್ವಲ್ಪ ಬದಲಾದ ರೂಪದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಆಸ್ಪತ್ರೆಗಳಲ್ಲಿ ಉಳಿಯಿತು, ಅದರ ಭಾರವೂ ಜೊತೆಗೇ ಉಳಿಯಿತು. ಉಸಿರು ಕಟ್ಟಿದವನೇ ಯಂತ್ರದ ಬಳಿಗೆ ನಡೆದು ಬರಬೇಕಿತ್ತು.

ಎದೆದನಿ

ಎದೆರೋಗ ವಿಭಾಗದಲ್ಲಿ ವೈದ್ಯನಾಗಿದ್ದೇನೆ. ಹಿರಿಯರ ಬಗ್ಗೆ ಗೌರವವಿಟ್ಟುಕೊಂಡೇ ಒಂದು ಆಕ್ಷೇಪವನ್ನು ಹೇಳುತ್ತೇನೆ. ಈ ಚರ್ಚೆಯಲ್ಲಿ ಪೀಕ್ ಫ್ಲೋಗೆ ಸಲ್ಲಬೇಕಾದದ್ದಕ್ಕಿಂತ ಹೆಚ್ಚಿನ ಪಟ್ಟ ಸಿಗುತ್ತಿದೆ.

ಅದು ಊದಿನ ಮೊದಲ ಕ್ಷಣದ ಅಳತೆ. ರೈಟ್ ಅವರ ಮೂಲ ವ್ಯಾಖ್ಯಾನದಲ್ಲಿ ಹತ್ತು ಮಿಲಿಸೆಕೆಂಡು ಉಳಿದ ವೇಗ ಸಾಕು. ಅದು ರೋಗಿ ಎಷ್ಟು ಮನಸ್ಸಿಟ್ಟು ಊದಿದ ಎಂಬುದರ ಮೇಲೆ ತುಂಬಾ ಅವಲಂಬಿಸಿದೆ, ದೊಡ್ಡ ಶ್ವಾಸನಾಳಗಳ ಸ್ಥಿತಿಯನ್ನೇ ಹೆಚ್ಚಾಗಿ ಹೇಳುತ್ತದೆ. ಕಿರುನಾಳಗಳಲ್ಲಿ ಕಾಯಿಲೆ ಹಬ್ಬುತ್ತಿದ್ದರೂ ಮುಳ್ಳು ನೆಮ್ಮದಿಯ ಅಂಕಿ ತೋರಿಸಬಹುದು. ಧೂಮಪಾನದಿಂದ ಬರುವ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶ ಕಾಯಿಲೆಯನ್ನು ಪೀಕ್ ಫ್ಲೋ ಒಂದರಿಂದಲೇ ನಿರ್ಧರಿಸಲು ಆಗುವುದಿಲ್ಲ.

ನನ್ನ ಮಟ್ಟಿಗೆ ನಿಜವಾದ ತಿರುವು 1947ರದು. ಫ್ರಾನ್ಸಿನ ಟಿಫ್ನೋ ಮತ್ತು ಪಿನೆಲ್ಲಿ, ಎಷ್ಟು ಗಾಳಿ ಬಂತು ಎನ್ನುವುದರ ಜೊತೆಗೆ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಬಂತು ಎಂದು ಕೇಳಿದರು. ಅದೇ ಎಫ್‌ಇವಿ-1. ನಾಳಗಳು ಕಿರಿದಾಗಿವೆಯೇ, ಇಲ್ಲ ಶ್ವಾಸಕೋಶವೇ ಚಿಕ್ಕದಾಗಿದೆಯೇ ಎಂಬ ವ್ಯತ್ಯಾಸ ಅದರಿಂದ ತಿಳಿಯಿತು. ಅದನ್ನು ಹೊತ್ತೊಯ್ಯುವಂತೆ ಮಾಡಿದ್ದು 1960ರ ದಶಕದಲ್ಲಿ ಬಂದ ಒಣ ಸ್ಪೈರೋಮೀಟರ್. ನೀರಿನ ಗಂಟೆಯ ಬದಲು ಬೆಣೆಯಾಕಾರದ ತಿದಿ, ಕಮ್ಮಾರನ ತಿದಿಯ ತಿರುಗುಮುರುಗು. ಅಲ್ಲಿ ಕೈ ಒತ್ತಿದರೆ ಗಾಳಿ ಬರುತ್ತದೆ, ಇಲ್ಲಿ ಗಾಳಿ ಬಂದರೆ ತಿದಿ ಏಳುತ್ತದೆ, ಸರಿಯುವ ಕಾಗದದ ಮೇಲೆ ಗೆರೆ ಬೀಳುತ್ತದೆ. 1982ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿಯೇ ಜೇಬಿನಲ್ಲಿಡುವ ಎಫ್‌ಇವಿ-1 ಮಾಪಕದ ವರದಿ ಬಂತು. ಅದರೊಳಗೆ ಗಾಳಿಗೆ ತಿರುಗುವ ಪುಟ್ಟ ರೆಕ್ಕೆ ಇದೆ, ಅದು ಬೆಳಕಿನ ಕಿರಣವನ್ನು ಎಷ್ಟು ಸಲ ತಡೆಯಿತು ಎಂದು ಎಣಿಸಿ ಲೆಕ್ಕ ಹಾಕುತ್ತದೆ. ಈಗಂತೂ ಅಲುಗುವ ಭಾಗವೇ ಇಲ್ಲದ ಅಲ್ಟ್ರಾಸೌಂಡ್ ಮಾಪಕಗಳಿವೆ. ಗಾಳಿಯ ದಿಕ್ಕಿನಲ್ಲಿ ಶಬ್ದ ಬೇಗ ತಲುಪುತ್ತದೆ, ಎದುರು ದಿಕ್ಕಿನಲ್ಲಿ ತಡವಾಗಿ. ಆ ವ್ಯತ್ಯಾಸದಿಂದಲೇ ವೇಗ ತಿಳಿಯುತ್ತದೆ. ಇಷ್ಟೆಲ್ಲ ಇರುವಾಗ ಸ್ಪ್ರಿಂಗಿನ ಕೊಳವೆಗೆ ಏಕೆ ಅಂಟಿಕೊಳ್ಳಬೇಕು?

ಹಗಲುಪಾಳಿ

ಎದೆದನಿ ಅವರೇ, ನಿಮ್ಮ ವಿದ್ಯೆಯ ಮುಂದೆ ನಾನು ಚಿಕ್ಕವನು. ಆದರೆ ಆ ಸ್ಪ್ರಿಂಗಿನ ಕೊಳವೆ ನನ್ನ ಕೆಲಸವನ್ನೂ ಎದೆಯನ್ನೂ ಉಳಿಸಿತು, ಅದನ್ನು ಹೇಳದೆ ಇರಲಾರೆ.

ನಾನು ಬಣ್ಣ ಸಿಂಪಡಿಸುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದೆ. ಸಂಜೆಯಾದರೆ ಎದೆ ಬಿಗಿಯುತ್ತಿತ್ತು. ದೊಡ್ಡ ಸ್ಪೈರೋಮೀಟರಿನಲ್ಲಿ ಎರಡು ಸಲ ಊದಿಸಿದರು, ಎರಡು ಸಲವೂ ಎಲ್ಲವೂ ಸರಿಯಾಗಿದೆ ಎಂದು ಬಂತು. ಏಕೆಂದರೆ ಎರಡು ಸಲವೂ ನಾನು ಹೋದದ್ದು ರಜೆಯ ದಿನ! ಆಮೇಲೆ ಒಬ್ಬ ವೈದ್ಯೆ ಪೀಕ್ ಫ್ಲೋ ಮೀಟರ್ ಕೊಟ್ಟು, ಎಚ್ಚರವಿರುವಷ್ಟು ಹೊತ್ತೂ ಎರಡು ಗಂಟೆಗೊಮ್ಮೆ ಊದಿ ನಾಲ್ಕು ವಾರ ಬರೆಯಿರಿ ಎಂದರು. ಬರೆದೆ. ಗ್ರಾಫ್ ಹಾಕಿದಾಗ ನನಗೇ ಬೆರಗಾಯಿತು. ಕೆಲಸದ ದಿನಗಳಲ್ಲಿ ಗೆರೆ ಇಳಿಜಾರಾಗಿ ಇಳಿಯುತ್ತಿತ್ತು, ರಜೆಯ ದಿನಗಳಲ್ಲಿ ಮೇಲೇರುತ್ತಿತ್ತು. ವಾರ ವಾರವೂ ಅದೇ ಏರಿಳಿತ. ಅದನ್ನು ತೋರಿಸಿದ ಮೇಲೆಯೇ ನನ್ನನ್ನು ಬೇರೆ ವಿಭಾಗಕ್ಕೆ ಹಾಕಿದರು.

ಆ ದೊಡ್ಡ ಯಂತ್ರ ನಿಖರವಾಗಿಯೇ ಇತ್ತು. ಆದರೆ ನನಗೆ ಉಸಿರು ಕಟ್ಟುವ ಹೊತ್ತಿಗೆ ಅದು ನನ್ನ ಬಳಿ ಇರಲಿಲ್ಲ.

ತಿದಿಮನೆ

ಹಗಲುಪಾಳಿ ಅವರು ನಾನು ಹೇಳಬೇಕೆಂದದ್ದನ್ನು ನನಗಿಂತ ಚೆನ್ನಾಗಿ ಹೇಳಿದರು. ಈ ವಿಧಾನವನ್ನು 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಶೆರ್ವುಡ್ ಬರ್ಜ್ ಬೆಳೆಸಿದರು. ಅದೇ ಕಾಲದಲ್ಲಿ, 1977ರಲ್ಲಿ, ಮಾರ್ಗರೆಟ್ ಟರ್ನರ್-ವಾರ್ವಿಕ್ ಅಸ್ತಮಾ ರೋಗಿಗಳ ದಿನದಿನದ ಏರಿಳಿತಗಳ ಮಾದರಿಗಳನ್ನು ಗುರುತಿಸಿ ಬರೆದರು. ಕೆಲವರಲ್ಲಿ ಉಸಿರು ಮುಂಜಾವದಲ್ಲಿ ಪಾತಾಳಕ್ಕೆ ಇಳಿಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಏರುತ್ತದೆ. ಆಸ್ಪತ್ರೆಯ ಪರೀಕ್ಷೆ ನಡೆಯುವುದು ಮಧ್ಯಾಹ್ನ! ಮನೆಯಲ್ಲಿ ಮೀಟರ್ ಇಲ್ಲದಿದ್ದರೆ ಆ ಮುಂಜಾವಿನ ಕುಸಿತವನ್ನು ಯಾರು ನೋಡಬೇಕು?

ಹಾಗೆಂದು ಎದೆದನಿ ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ರೋಗ ಯಾವುದೆಂದು ಹೆಸರಿಡಲು ಸ್ಪೈರೋಮೀಟರೇ ಬೇಕು. ಆದರೆ ಅದು ಚಿಕ್ಕದಾದಷ್ಟೂ ಅದರ ಹಿಂದಿನ ದುಡಿಮೆ ಕಣ್ಣಿಗೆ ಕಾಣದಂತಾಗುತ್ತದೆ ಎಂಬ ಚಿಂತೆ ನನಗಿದೆ. ಪ್ರತಿ ದಿನ ಬೆಳಿಗ್ಗೆ ಮೂರು ಲೀಟರಿನ ಸಿರಿಂಜಿನಿಂದ ನಾನು ಯಂತ್ರಕ್ಕೆ ಗಾಳಿ ತಳ್ಳುತ್ತಿದ್ದೆ, ಶೇಕಡಾ 3ಕ್ಕಿಂತ ಹೆಚ್ಚು ತಪ್ಪಿದರೆ ರೋಗಿಗಳನ್ನು ಕೂರಿಸುತ್ತಿರಲಿಲ್ಲ. ದೇಹದೊಳಗಿನ ಗಾಳಿ 37 ಡಿಗ್ರಿಯಲ್ಲಿ ತೇವ ತುಂಬಿಕೊಂಡಿರುತ್ತದೆ, ಹೊರಬಂದು ತಣ್ಣಗಾದೊಡನೆ ಕುಗ್ಗುತ್ತದೆ. 20 ಡಿಗ್ರಿಯ ಕೋಣೆಯಲ್ಲಿ ಅಳೆದದ್ದಕ್ಕೆ ಸುಮಾರು ಶೇಕಡಾ 10 ಸೇರಿಸಿದರೆ ಮಾತ್ರ ಶ್ವಾಸಕೋಶದೊಳಗಿನ ನಿಜ ಪ್ರಮಾಣ ಸಿಗುತ್ತದೆ. ಮೊದಲು ಆ ಲೆಕ್ಕವನ್ನು ಕೈಯಲ್ಲಿ ಮಾಡುತ್ತಿದ್ದೆವು. ಈಗ ಯಂತ್ರವೇ ಮಾಡುತ್ತದೆ. ಸಂತೋಷವೇ, ಆದರೆ ಕೋಣೆಯ ಉಷ್ಣತೆಯನ್ನು ತಪ್ಪಾಗಿ ತುಂಬಿದರೆ ಉತ್ತರವೂ ಅಷ್ಟೇ ಅಚ್ಚುಕಟ್ಟಾಗಿ ತಪ್ಪು ಬರುತ್ತದೆ.

ಗುಬ್ಬಿಯತಾಯಿ

ನನ್ನ ಮಗಳಿಗೆ ಆರು ವರ್ಷ. ಊದು ಎಂದರೆ ಕೆನ್ನೆ ಉಬ್ಬಿಸಿ ಉಗುಳುತ್ತಾಳೆ, ಅಂಕಿ ಒಂದು ಸಲ 90, ಇನ್ನೊಂದು ಸಲ 160. ಹಳೆಯ ಕಾಲದಲ್ಲಿ ಮಕ್ಕಳಿಗೆಂದು ಬೇರೆ ಏನಾದರೂ ಇತ್ತೇ?

ದಾಖಲೆಮನೆ

ತಾಯಿ, ಮಕ್ಕಳಿಗೆಂದೇ ಮಾಡಿದ್ದಲ್ಲದಿದ್ದರೂ ಅವರಿಗೆ ಹಿಡಿಸುವಂಥದ್ದು ಒಂದು ಇತ್ತು: ಪೀಪಿ! 1963ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಎಡ್ವರ್ಡ್ ಡಿ ಬೋನೋ ಅದರ ಬಗ್ಗೆ ಬರೆದರು. ಮುಂದೆ "ಲ್ಯಾಟರಲ್ ಥಿಂಕಿಂಗ್" ಎಂಬ ಪದದಿಂದ ಜಗತ್ತಿಗೆಲ್ಲ ಪರಿಚಿತರಾದವರು ಇವರೇ, ಆಗ ವೈದ್ಯರಾಗಿದ್ದರು. ಕೊಳವೆಯ ಒಂದು ತುದಿಯಲ್ಲಿ ಪೀಪಿ, ಪಕ್ಕದಲ್ಲಿ ಗಾಳಿ ಸೋರುವ ಕಿಂಡಿ. ಕಿಂಡಿಯನ್ನು ಹಿರಿದು ಮಾಡುತ್ತಾ ಹೋದಂತೆ ಪೀಪಿ ಕೂಗಲು ಹೆಚ್ಚು ಬಿರುಸಾಗಿ ಊದಬೇಕು. ಯಾವ ಗುರುತಿನವರೆಗೆ ಕೂಗಿತೋ ಅದೇ ಅಳತೆ.

ಇನ್ನೂ ಸರಳವಾದದ್ದು 1959ರ ಸ್ನೈಡರ್ ಪರೀಕ್ಷೆ. ಬಾಯಿ ಅಗಲವಾಗಿ ತೆರೆದು, ತುಟಿ ಕೂಡಿಸದೆ, ಸುಮಾರು 15 ಸೆಂಟಿಮೀಟರ್ ದೂರದಲ್ಲಿ ಉರಿಯುವ ಬೆಂಕಿಕಡ್ಡಿಯನ್ನು ಆರಿಸಲು ರೋಗಿಗೆ ಹೇಳುತ್ತಿದ್ದರು. ಇದನ್ನು ಮಗುವಿನೊಡನೆ ದಯವಿಟ್ಟು ಮಾಡಬೇಡಿ, ಚರಿತ್ರೆಗಾಗಿ ಮಾತ್ರ ಹೇಳಿದೆ.

ತಿದಿಮನೆ

ಗುಬ್ಬಿಯತಾಯಿ, ಆರು ವರ್ಷಕ್ಕೆ ಅಂಕಿಗಳು ಹಾಗೆ ಕುಣಿಯುವುದು ಸಹಜ. ನಾಲಿಗೆ ಕೊಳವೆಯ ಬಾಯಿಗೆ ಅಡ್ಡ ಬರದಂತೆ ನೋಡಿಕೊಳ್ಳಿ. ತುಟಿ ಸುತ್ತಲೂ ಬಿಗಿಯಾಗಲಿ, ನಿಂತುಕೊಂಡು ಊದಲಿ. ಉಗುಳಿದಂತೆ ಮಾಡಿದರೆ ಕೆನ್ನೆಯ ಗಾಳಿಯೇ ಮುಳ್ಳನ್ನು ತಳ್ಳುತ್ತದೆ, ಆ ಅಂಕಿಯನ್ನು ಬರೆಯಬೇಡಿ. ಅವಳ ಕೆಮ್ಮು, ನಿದ್ದೆ, ಆಟ ಇವುಗಳನ್ನೇ ಹೆಚ್ಚು ಗಮನಿಸಿ.

ಎದೆದನಿ

ಹಗಲುಪಾಳಿ ಅವರ ಪ್ರಸಂಗವನ್ನು ಓದಿ ನಾನು ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. "ಏಕೆ ಅಂಟಿಕೊಳ್ಳಬೇಕು" ಎಂದು ಕೇಳಬಾರದಿತ್ತು. ಎರಡು ಉಪಕರಣಗಳು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ.

ಚರಿತ್ರೆಯ ಮಾತು ಬಂದಿದ್ದರಿಂದ, ಮನಸ್ಸಿಗೆ ಚುಚ್ಚುವ ಒಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು. ಹಚಿನ್ಸನ್ ಅವರ ಸ್ಪೈರೋಮೀಟರನ್ನು ಅಮೆರಿಕದ ದಕ್ಷಿಣದಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ ಗುಲಾಮಗಿರಿಯನ್ನು ಸಮರ್ಥಿಸಲು ಬಳಸಿದ. ಕಪ್ಪು ಜನರ ಶ್ವಾಸಕೋಶವೇ ಹುಟ್ಟಿನಿಂದ ದುರ್ಬಲ ಎಂದು ವಾದಿಸಿದ. ಬಡತನ, ಹೊಗೆ, ಧೂಳು, ಹಸಿವು ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದ ಆ ಊಹೆ ಯಾವ ಪರಿ ಬೇರುಬಿಟ್ಟಿತೆಂದರೆ, ಅಂಗೈಯಲ್ಲಿ ಹಿಡಿಯುವ ಇಂದಿನ ಸ್ಪೈರೋಮೀಟರುಗಳಲ್ಲಿಯೂ ಎತ್ತರ, ವಯಸ್ಸು, ಲಿಂಗದ ಜೊತೆಗೆ ಜನಾಂಗವನ್ನು ಆರಿಸುವ ಆಯ್ಕೆ ಇದೆ. ಅದನ್ನು ಆರಿಸಿದರೆ ಕೆಲವರಿಗೆ "ಸಹಜ" ಎಂಬ ಗೆರೆಯೇ ಕೆಳಗಿಳಿಯುತ್ತದೆ, ಇರುವ ಕಾಯಿಲೆ ಇಲ್ಲವೆಂದಾಗಬಹುದು. 2023ರಲ್ಲಿ ಎದೆರೋಗ ತಜ್ಞರ ಸಂಘವಾದ ಅಮೆರಿಕನ್ ಥೊರಾಸಿಕ್ ಸೊಸೈಟಿ ಜನಾಂಗವನ್ನು ಪರಿಗಣಿಸದ ಸಮೀಕರಣಗಳನ್ನೇ ಬಳಸಬೇಕೆಂದು ಶಿಫಾರಸು ಮಾಡಿತು. ಅದಕ್ಕೂ ಮೊದಲು ನಾನೂ ಆ ಆಯ್ಕೆಯನ್ನು ಯೋಚಿಸದೆ ಒತ್ತಿದ್ದೇನೆ. ಯಾರ ವರದಿಗಳಲ್ಲಿ ಏನು ತಪ್ಪಿಹೋಯಿತೋ ಎಂಬ ಕಳವಳ ನನ್ನನ್ನು ಬಿಟ್ಟಿಲ್ಲ.

ವೇಗಮಿತಿ

ಹಳೆಯ ಮೀಟರಿನ ಗೆರೆಗಳು ಡೊಂಕಾಗಿದ್ದುದನ್ನು ಪಂಪು ಹಿಡಿದುಕೊಟ್ಟಿತು. ಎದೆದನಿ ಅವರು ಹೇಳಿದ ಡೊಂಕನ್ನು ಯಾವ ಪಂಪೂ ಹಿಡಿಯಲಾರದು. ಅದು ಊದಿನ ಅಳತೆಯಲ್ಲಿ ಇರಲಿಲ್ಲ, ಅದನ್ನು ಯಾರೊಂದಿಗೆ ಹೋಲಿಸುತ್ತೇವೆ ಎಂಬುದರಲ್ಲಿತ್ತು. ನಾಳೆಯ ತರಗತಿಯಲ್ಲಿ ಇದನ್ನೇ ಮಾತನಾಡುತ್ತೇನೆ.

ಕಿರುಗೊಳವೆ

ಎಲ್ಲರಿಗೂ ನಮಸ್ಕಾರ. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ವೈದ್ಯರನ್ನು ಕಂಡು ಬಂದೆ. ತಿದಿಮನೆ ಅವರು ಹೇಳಿದ್ದನ್ನೇ ಅವರೂ ಹೇಳಿದರು, ಹಳೆಯ ಅಂಕಿಗಳನ್ನು ಹೊಸ ಮೀಟರಿಗೆ ಹೋಲಿಸಬಾರದು, ಹೊಸದರಲ್ಲಿಯೇ ಹದಿನಾಲ್ಕು ದಿನ ಊದಿ ಅತ್ಯುತ್ತಮ ಅಂಕಿಯನ್ನು ಹೊಸದಾಗಿ ಕಂಡುಕೊಳ್ಳಬೇಕು ಎಂದರು. ನಿನ್ನೆ ಸಂಜೆಗೆ ಹದಿನಾಲ್ಕು ದಿನ ಮುಗಿದವು. ಅತ್ಯುತ್ತಮ 400. ಹಳದಿ ವಲಯ ಈಗ 320ರಿಂದ ಕೆಳಗೆ, ಕೆಂಪು 200ರಿಂದ ಕೆಳಗೆ. ಪುಸ್ತಕದಲ್ಲಿ ಹಳೆಯ ಅಂಕಿಗಳು ಮುಗಿಯುವ ಪುಟದಲ್ಲಿ ಅಡ್ಡಗೆರೆ ಎಳೆದು "ಇಲ್ಲಿಂದ ಬೇರೆ ಅಳತೆಪಟ್ಟಿ" ಎಂದು ಬರೆದಿದ್ದೇನೆ.

ಹೊಸ ಮೀಟರನ್ನು ಬೆಳಕಿಗೆ ಹಿಡಿದು ನೋಡಿದೆ, ವೇಗಮಿತಿ ಅವರೇ. ನೀವು ಹೇಳಿದಂತೆಯೇ ಗೆರೆಗಳ ಅಂತರ ಒಂದೇ ಸಮ ಇಲ್ಲ. ಹಳೆಯದನ್ನು ಎಸೆಯಲು ಮನಸ್ಸು ಬರಲಿಲ್ಲ. ಯಾರೂ ಮರೆತು ಊದದಂತೆ ಅದರ ಬಾಯಿಗೆ ಪಟ್ಟಿ ಅಂಟಿಸಿ ಕಪಾಟಿನಲ್ಲಿ ಇಟ್ಟಿದ್ದೇನೆ.